ಟ್ರಂಕಿನ ಪುಸ್ತಕ, ಫೋನಿನ ಫೈಲು

ನ್ಯಾಮತಿಯ ಮನೆಯ ಟ್ರಂಕಿನಲ್ಲಿರುವ ಅಜ್ಜನ ಪುಸ್ತಕ ಇಂದಿಗೂ ನಿಮ್ಮದೇ. ಹೊನ್ನಾಳಿಯ ನೆಂಟರಿಗೆ ಎರವಲು ಕೊಡಬಹುದು, ಮೊಮ್ಮಗಳಿಗೆ ದಾಟಿಸಬಹುದು. ದುಡ್ಡು ಕೊಟ್ಟು ಪಡೆದ ಇ-ಪುಸ್ತಕ ಹಾಗಲ್ಲ. ಬಹುಪಾಲು ಅದು ಓದಲು ಸಿಕ್ಕ ಪರವಾನಗಿ ಅಷ್ಟೇ. 2009ರಲ್ಲಿ ಹಕ್ಕಿನ ತಕರಾರು ಬಂದಾಗ ಅಮೆಜಾನ್, ಓದುಗರ ಕಿಂಡಲ್ ಎಂಬ ಇ-ಪುಸ್ತಕ ಓದುವ ಸಾಧನಗಳಿಂದಲೇ ಆರ್ವೆಲ್‌ನ ‘1984’ ಕಾದಂಬರಿಯ ಪ್ರತಿಗಳನ್ನು ಅಳಿಸಿತ್ತು. ಹಣ ಮರಳಿಸಿತು ಅನ್ನಿ.

ಹಾಗಂತ ಡಿಜಿಟಲ್ ಬೇಡವೆಂದಲ್ಲ. ಕ್ಯಾಸೆಟ್ಟಿನ ನಕಲಿನ ನಕಲು ಮಸುಕಾಗುತ್ತದೆ. ಫೈಲಿನ ನೂರನೇ ನಕಲೂ ಮೊದಲಿನಷ್ಟೇ ಸ್ಪಷ್ಟ. ಆದರೆ ಫೋನು ಕೆಟ್ಟರೆ ಎಲ್ಲವೂ ಒಟ್ಟಿಗೇ ಹೋಗುತ್ತದೆ. ಮದುವೆಯ ಫೋಟೊಗಳನ್ನು ಹಾರ್ಡ್‌ಡಿಸ್ಕಿನಲ್ಲೂ ಇಡಿ, ತೀರಾ ಬೇಕಾದ ನಾಲ್ಕನ್ನು ಸ್ಟುಡಿಯೊದಲ್ಲಿ ಪ್ರಿಂಟ್ ಹಾಕಿಸಿ. ಕರೆಂಟ್ ಹೋದರೂ ಗೋಡೆಯ ಪಟ ನಗುತ್ತಲೇ ಇರುತ್ತದೆ.