ತಾನಾಗಿ ಏರುವ ಅಂಕೆ

ವಿದ್ಯಾರ್ಥಿಗಳೇ, ವಿಜ್ಞಾನ ಪ್ರದರ್ಶನಕ್ಕೆಂದು ನಾವು ಕಟ್ಟಿದ ಎಣಿಕೆಯ ಯಂತ್ರದಲ್ಲಿ, ಗುಂಡಿಯನ್ನು ಯಾರೂ ಒತ್ತದಿದ್ದರೂ ಅಂಕೆ ಏರುತ್ತಿತ್ತು. ಪ್ರೋಗ್ರಾಮು ಬರೆದ ಹುಡುಗನನ್ನು ನಾವೆಲ್ಲರೂ ದೂರಿದೆವು. ದೋಷವಿದ್ದುದು ತಂತಿಯಲ್ಲಿ.

5 ವೋಲ್ಟಿನ ಆರ್ಡುಯಿನೊ ಉನೊ ಫಲಕವು 1.5 ವೋಲ್ಟಿಗಿಂತ ಕಡಿಮೆಯಾದುದನ್ನು ಸೊನ್ನೆಯೆಂದೂ 3 ವೋಲ್ಟಿಗಿಂತ ಹೆಚ್ಚಾದುದನ್ನು ಒಂದೆಂದೂ ಓದುತ್ತದೆ, ನಡುವಣದಕ್ಕೆ ನಿಶ್ಚಯವಿಲ್ಲ. ಗುಂಡಿಯನ್ನು ಒತ್ತದಿರುವಾಗ ಅದರ ತಂತಿಯು ಯಾವ ಆಸರೆಯೂ ಇಲ್ಲದೆ, ಆಂಟೆನಾದಂತೆ ನೆರೆಯ ಮೋಟಾರಿನ ಗದ್ದಲವನ್ನು ಹಿಡಿಯುತ್ತದೆ.

ಮೊದಲು ಆ ತಂತಿಯನ್ನು ಕಳಚಿ, ಅದರ ಪಿನ್ನನ್ನು ಗಿಡ್ಡ ತಂತಿಯಿಂದ ಗ್ರೌಂಡಿಗೆ ಸೇರಿಸೋಣ. ಏರಿಕೆ ನಿಂತರೆ ಗದ್ದಲವು ತಂತಿಯಿಂದ ಬಂದುದೆಂದು ತಿಳಿಯಬಹುದು. ಬಳಿಕ ಪಿನ್ನಿಗೂ 5 ವೋಲ್ಟಿಗೂ ನಡುವೆ 10 ಕಿಲೋಓಮಿನ ರೆಸಿಸ್ಟರನ್ನಿಟ್ಟು, ಗುಂಡಿಯನ್ನು ಪಿನ್ನಿಗೂ ಗ್ರೌಂಡಿಗೂ ನಡುವೆ ಜೋಡಿಸೋಣ. ಆಗ ಒತ್ತಿದರೆ ಸೊನ್ನೆ, ಬಿಟ್ಟರೆ ಒಂದು. ಗುಂಡಿಯ ಎರಡು ತಂತಿಗಳನ್ನೂ ಗಿಡ್ಡವಾಗಿಸಿ ಒಂದಕ್ಕೊಂದು ಹೊಸೆಯೋಣ.

ಪರೀಕ್ಷಿಸದೆ ಗೆಳೆಯನನ್ನು ದೂರುವುದು ವಿಜ್ಞಾನವಲ್ಲ.