ಮಾಯಸಂದ್ರದಲ್ಲಿ ಒಂದು ಬೇಸಗೆ: ಪರದೇಶದಿಂದ ಮರಳಿ ನೆಲೆಸಲು ಯೋಚಿಸುವವರಿಗೆ

ಅಮೆರಿಕದಲ್ಲಿಯೋ ಇಂಗ್ಲೆಂಡಿನಲ್ಲಿಯೋ ಮೂವತ್ತು ವರ್ಷ ದುಡಿದು, ಅಲ್ಲಿಯ ಪೌರತ್ವವನ್ನೂ ಪಡೆದು, ತಲೆ ನರೆತ ಮೇಲೆ ತಂದೆ ನೆಟ್ಟ ತೆಂಗಿನ ತೋಟದ ನೆರಳಿನಲ್ಲಿ ಶೇಷಾಯುಷ್ಯವನ್ನು ಕಳೆಯೋಣವೆಂದು ಆಲೋಚಿಸುವ ನಮ್ಮ ಸೀಮೆಯ ಜನ ವರ್ಷಕ್ಕೊಬ್ಬರಾದರೂ ನನ್ನಲ್ಲಿಗೆ ಬಂದು, ಊರಿನ ನೀರು ಹೇಗಿದೆ, ವೈದ್ಯರು ಸಿಗುವರೇ, ಆಳು ಸಿಗುವರೇ ಎಂದು ವಿಚಾರಿಸುವುದುಂಟು. ಅವರ ಪಾಲಿಗೆ ತುರುವೇಕೆರೆ ತಾಲ್ಲೂಕಿನ ಈ ಮಾಯಸಂದ್ರವು ತವರೂ ಹೌದು, ಪರದೇಶವೂ ಹೌದು. ನಮ್ಮ ಶಾಸನವು ದ್ವಿಪೌರತ್ವವನ್ನು ಒಪ್ಪದಿರುವುದರಿಂದ, ಹುಟ್ಟಿದ ಮನೆಯ ಹೊಸಿಲನ್ನು ದಾಟುವಾಗ ಅವರ ಜೇಬಿನಲ್ಲಿರುವುದು ಅನ್ಯರಾಷ್ಟ್ರದ ಪಾಸ್‌ಪೋರ್ಟು. ಅಮೆರಿಕದ ವಿದೇಶಾಂಗ ಇಲಾಖೆಯಾದರೋ ತನ್ನ ಪ್ರಜೆಗಳಿಗೆ ಭಾರತದಲ್ಲಿ ಹೆಚ್ಚಿನ ಎಚ್ಚರಿಕೆಯಿಂದಿರಬೇಕೆಂದು ಹೇಳಿ, ಅಪರಾಧವನ್ನೂ ಭಯೋತ್ಪಾದನೆಯನ್ನೂ ಕಾರಣವಾಗಿ ಕೊಡುತ್ತದೆ. ಮಾಯಸಂದ್ರದ ಬಸ್ ನಿಲ್ದಾಣದ ಎದುರು ಟೀ ಕುಡಿಯುತ್ತ ಈ ಸೂಚನೆಯನ್ನು ಓದಿದರೆ ಯಾರಿಗಾದರೂ ನಗು ಬಂದೀತು. ಹಾಗೆಂದು ಇಲ್ಲಿ ಅಪಾಯವೇ ಇಲ್ಲವೆಂದಲ್ಲ. ಇರುವ ಅಪಾಯಗಳು ಬೇರೆ ಜಾತಿಯವು. ಅವು ಅತಿಥಿಯ ಕಣ್ಣಿಗೆ ಬೀಳುವಂಥವಲ್ಲ, ಒಕ್ಕಲಿದ್ದವನಿಗೆ ಮಾತ್ರ ತಿಳಿಯುವಂಥವು. ಆದಕಾರಣ ನೆಲೆಸುವ ನಿರ್ಧಾರಕ್ಕೆ ಮೊದಲು ಒಂದು ಬೇಸಗೆ ಇಲ್ಲಿ ಇದ್ದು ನೋಡಿರಿ ಎಂಬುದೇ ನನ್ನ ಉತ್ತರ.

ಡಿಸೆಂಬರಿನಲ್ಲಿ ಬರುವವರು ಮೋಸಹೋಗುತ್ತಾರೆ. ಆಗ ಬೆಳಗಿನ ಚಳಿ ಹಿತವಾಗಿರುತ್ತದೆ, ಹೊಲದಲ್ಲಿ ಅವರೆ ಸೊಗಡು ಸೂಸುತ್ತಿರುತ್ತದೆ, ನಂಟರೆಲ್ಲ ಸರದಿಯ ಮೇಲೆ ಊಟಕ್ಕೆ ಕರೆಯುತ್ತಾರೆ, ಕಾರು ಓಡಿಸಲು ಯಾವನೋ ಸೋದರಳಿಯನಿರುತ್ತಾನೆ; ಹದಿನೈದು ದಿನ ಹೀಗೆ ಸಾಗಿದ ಮೇಲೆ ಸ್ವರ್ಗವಿದ್ದರೆ ಇದೇ ಎಂಬ ಭ್ರಾಂತಿಯೊಡನೆ ವಿಮಾನವೇರಿ, ಹೋದ ಮೇಲೆ ಅಲ್ಲಿಯ ಮನೆಯನ್ನು ಮಾರಾಟಕ್ಕಿಡುತ್ತಾರೆ. ಬರಬೇಕಾದುದು ಯುಗಾದಿಯ ಹೊತ್ತಿಗೆ. ಚೈತ್ರ ವೈಶಾಖಗಳ ಸೆಕೆಯನ್ನು ಉಂಡು, ಮುಂಗಾರಿನ ಮೊದಲ ಸಿಡಿಲುಮಳೆಗೆ ಕರೆಂಟು ಹೋದ ರಾತ್ರಿಗಳನ್ನು ಕಂಡು, ಆಷಾಢದ ಗಾಳಿ ಎದ್ದ ಮೇಲೆ ಹೊರಡಬಹುದು. ವರ್ಷದೊಳಗೆ ವಾಸ 182 ದಿನಗಳನ್ನು ಮುಟ್ಟಿದರೆ ಆದಾಯ ತೆರಿಗೆಯ ದೃಷ್ಟಿಯಲ್ಲಿ ನಿಮ್ಮ ಸ್ಥಾನವೇ ಬದಲಾಗುವುದರಿಂದ, ಪರೀಕ್ಷಾರ್ಥವಾದ ಈ ವಾಸ ನಾಲ್ಕು ತಿಂಗಳನ್ನು ಮೀರದಿರುವುದು ಲೇಸು; ಇಲ್ಲಿ ನಿಮಗೆ ಬೇರೆ ಆದಾಯವೂ ಇದ್ದರೆ ದಿನಗಳ ಲೆಕ್ಕವನ್ನು ಮೊದಲೇ ಒಬ್ಬ ಲೆಕ್ಕಪರಿಶೋಧಕರಿಂದ ತಿಳಿದುಕೊಂಡಿರಿ.

ದಾರಿಯನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಬೆಂಗಳೂರಿನಿಂದ ನೆಲಮಂಗಲ, ಕುಣಿಗಲು, ಎಡೆಯೂರುಗಳನ್ನು ಹಾದುಬಂದರೆ ನೂರು ಕಿಲೋಮೀಟರಿಗೆ ತುಸು ಮೇಲ್ಪಟ್ಟ ಪಯಣ. ಹುಳಿಯಾರು, ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳಿಂದ ಮೈಸೂರಿನ ಕಡೆಗೆ ಇಳಿಯುವ 150ಎ ಹೆದ್ದಾರಿಯೂ ಊರನ್ನು ಹಾದೇ ಹೋಗುತ್ತದೆ. 2017ರಲ್ಲಿ ಬೆಂಗಳೂರು–ಹಾಸನ ರೈಲುಮಾರ್ಗ ಪೂರ್ಣಗೊಂಡ ಮೇಲೆ ಎಡೆಯೂರಿನಲ್ಲಿಯೂ ಬಿ.ಜಿ. ನಗರದಲ್ಲಿಯೂ ಇಳಿಯುವ ಅನುಕೂಲವಾಗಿದೆ.

ಇಳಿದುಕೊಳ್ಳುವುದು ಮಾತ್ರ ನಂಟರ ಮನೆಯಲ್ಲಿ ಬೇಡ. ಹಳೆಯ ಮನೆಯ ಬೀಗವನ್ನು ತೆಗೆಸಿ, ಹೆಂಚು ಕೈಯಾಡಿಸಿ, ಅದರಲ್ಲೇ ಒಲೆ ಹೊತ್ತಿಸಿರಿ. ಅದು ಬಿದ್ದುಹೋಗಿದ್ದರೆ ಊರೊಳಗೆ ಬಾಡಿಗೆಗೆ ಹಿಡಿಯಿರಿ. ಕೊಳವೆಬಾವಿಯ ನೀರನ್ನು ಕುಡಿಯುವ ಮೊದಲು ಫ್ಲೋರೈಡು ನೈಟ್ರೇಟುಗಳ ಪರೀಕ್ಷೆಗೆ ಕಳುಹಿಸುವುದು, ಬಚ್ಚಲಿನ ನುಣುಪುಗಲ್ಲನ್ನು ಕೀಳಿಸಿ ಗೋಡೆಗೆ ಹಿಡಿಕೆ ಹಾಕಿಸುವುದು, ಕಾಲು ಮಡಿಸದೆ ಕುಳಿತುಕೊಳ್ಳುವ ಕಕ್ಕಸು ಕಟ್ಟಿಸುವುದು, ಇವಿಷ್ಟನ್ನೂ ನೀವೇ ಗಾರೆಯವನನ್ನು ಹುಡುಕಿ, ಅವನು ನಾಳೆ ಬರುತ್ತೇನೆಂದ ನಾಳೆಗಳನ್ನು ಎಣಿಸಿ, ಮಾಡಿಸತಕ್ಕದ್ದು. ಆ ಎಣಿಕೆ ಸಹಿಸಿದವರಿಗೆ ಮುಂದಿನದೆಲ್ಲ ಸಲೀಸು.

ನನ್ನ ಸ್ನೇಹಿತರೊಬ್ಬರು ನ್ಯೂಜೆರ್ಸಿಯಿಂದ ಬಂದು ಹೀಗೆಯೇ ವಾಸಮಾಡಿದರು. ಹಿಡಿಕೆ ಹಾಕಿಸಲು ಗಾರೆಯವನು ಬರುವುದರೊಳಗಾಗಿ, ಒಂದು ರಾತ್ರಿ ಹನ್ನೊಂದರ ಮೇಲೆ ಬಚ್ಚಲಿನಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆಂಬುಲೆನ್ಸಿಗಾಗಿ 108ಕ್ಕೆ ಕರೆಮಾಡಬೇಕೆಂಬುದು ಅವರ ಪತ್ನಿಗೆ ತಿಳಿದಿರಲಿಲ್ಲ. ಅವರ ಫೋನಿನಲ್ಲಿದ್ದುದೆಲ್ಲ ಬೆಂಗಳೂರಿನ ನಂಟರ ನಂಬರುಗಳೇ. ಕೂಗು ಕೇಳಿ ಬಂದವನು ಪಕ್ಕದ ಮನೆಯ ಹುಡುಗ. ಅವನು ತನ್ನ ಲಗೇಜ್ ಆಟೋದಿಂದ ಕಾಯಿಚೀಲಗಳನ್ನು ಇಳಿಸಿ, ಹಾಸಿಗೆಯನ್ನು ಹಾಸಿ, ಅದರ ಮೇಲೆ ಅವರನ್ನು ಮಲಗಿಸಿಕೊಂಡು ಬೆಳ್ಳೂರು ಕ್ರಾಸಿನ ಬಳಿಯ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಅರ್ಧ ಗಂಟೆಯೊಳಗೆ ಮುಟ್ಟಿಸಿದನು. ಇಷ್ಟು ಹತ್ತಿರದಲ್ಲಿ ಬೋಧನಾಸ್ಪತ್ರೆಯಿರುವ ಹಳ್ಳಿಗಳು ನಾಡಿನಲ್ಲಿ ವಿರಳ. ಮಾಯಸಂದ್ರದ ಪರವಾಗಿ ಹೇಳಬಹುದಾದ ಮಾತುಗಳಲ್ಲಿ ಇದೇ ಮೊದಲನೆಯದು. ಸ್ನೇಹಿತರು ಗುಣಹೊಂದಿದರು. ಆದರೆ ಮರುವರ್ಷ ಅವರು ಬಂದಾಗ ಆ ಹುಡುಗನು ಆಟೋ ಮಾರಿ ಬೆಂಗಳೂರಿನ ಪೀಣ್ಯದಲ್ಲಿ ಕೆಲಸಕ್ಕೆ ಸೇರಿದ್ದನು. ಬೀದಿಯ ಎಂಟು ಮನೆಗಳಲ್ಲಿ ಅರುವತ್ತರ ಕೆಳಗಿನ ಗಂಡಸು ಒಬ್ಬನೇ ಉಳಿದಿದ್ದನು, ಅವನಿಗೂ ಇರುಳುಗಣ್ಣು. ಆಸ್ಪತ್ರೆಯ ದೂರವನ್ನು ಅಳೆಯುವವರು ಅಲ್ಲಿಗೆ ಕರೆದೊಯ್ಯುವವರನ್ನೂ ಎಣಿಸಬೇಕು. ಬಂದ ವಾರದಲ್ಲಿಯೇ, ಅಪರಾತ್ರಿಯಲ್ಲಿ ಕರೆದರೆ ಬರುವ ಮೂವರ ನಂಬರುಗಳನ್ನು ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿರಿ. ಮೂವರು ದೊರೆಯದಿದ್ದರೆ ಅದೂ ಒಂದು ಉತ್ತರವೇ.

ತೋಟದಲ್ಲಿ ಬರಿಗಾಲು ಬೇಡ. ಪಂಪ್‌ಸೆಟ್ಟಿನ ತ್ರೀ-ಫೇಸ್ ಕರೆಂಟು ನಡುರಾತ್ರಿಯ ಪಾಳಿಯಲ್ಲಿ ಬಂದಾಗ ಮೋಟಾರು ಹಾಕಲೆಂದು ನಿದ್ದೆಗಣ್ಣಿನಲ್ಲಿ ಹೊರಟವರನ್ನೇ, ಸೋಗೆ ಮಟ್ಟೆಗಳ ರಾಶಿಯಲ್ಲಿ ಮಲಗಿದ್ದ ಕೊಳಕುಮಂಡಲವು ಕಚ್ಚುವುದು. ಚಿರತೆಯ ಮಾತನ್ನು ಜನ ಹೆಚ್ಚಾಗಿ ಆಡುತ್ತಾರೆ, ಹಾವಿನ ಮಾತನ್ನು ಆಡುವುದಿಲ್ಲ.

ಇನ್ನು ಭೂಮಿ. ಸಾಗರೋತ್ತರ ಭಾರತೀಯ ಪೌರ ಎಂಬ ಕಾರ್ಡು, ಅಂದರೆ ಎಲ್ಲರೂ ಒಸಿಐ ಎನ್ನುವುದು, ಆಜೀವ ಪ್ರವೇಶವನ್ನು ಕೊಡುತ್ತದೆಯಾದರೂ ಮತವನ್ನು ಕೊಡುವುದಿಲ್ಲ, ಕೃಷಿಭೂಮಿಯನ್ನೋ ತೋಟವನ್ನೋ ಕೊಳ್ಳುವ ಅಧಿಕಾರವನ್ನೂ ಕೊಡುವುದಿಲ್ಲ. ಪಿತ್ರಾರ್ಜಿತವಾಗಿ ಬಂದುದನ್ನು ಇರಿಸಿಕೊಳ್ಳಬಹುದು. ಮಾರಿದರೆ ಇಲ್ಲಿಯೇ ವಾಸಿಸುವ ಭಾರತೀಯ ಪ್ರಜೆಗೇ ಮಾರಬೇಕು. ಪಕ್ಕದ ಎರಡೆಕರೆಯನ್ನು ಭಾವಮೈದುನನ ಹೆಸರಿನಲ್ಲಿ ಕೊಂಡುಬಿಡೋಣ ಎಂಬ ಸಲಹೆ ಮೂರನೆಯ ದಿನವೇ ಬರುತ್ತದೆ. ನಕ್ಕು ಕಾಫಿ ಕುಡಿದು ಎದ್ದುಬನ್ನಿರಿ. ತಂದೆಯ ಹೆಸರಿನಲ್ಲಿಯೇ ಪಹಣಿ ಉಳಿದಿದ್ದರೆ ಪೌತಿ ಖಾತೆ ಆಗಬೇಕು, ಒಂದೇ ನಂಬರಿನಲ್ಲಿ ಹಲವರ ಪಾಲಿದ್ದರೆ ಪೋಡಿ ಆಗಬೇಕು, ಮತ್ತು 2005ರ ತಿದ್ದುಪಡಿಯ ಅನಂತರ ಹೆಣ್ಣುಮಕ್ಕಳೂ ಸಮಭಾಗಿಗಳಾದುದರಿಂದ ಅಕ್ಕತಂಗಿಯರ ಸಮ್ಮತಿಯಿಲ್ಲದೆ ಇವಾವುವೂ ಸುಸೂತ್ರವಾಗಿ ಜರುಗವು. ಇದಕ್ಕಾಗಿ ತುರುವೇಕೆರೆಯ ತಾಲ್ಲೂಕು ಕಚೇರಿಗೆ ಖುದ್ದಾಗಿ ಹೋಗಿ ಕುಳಿತಿರುವುದೂ ನಿಮ್ಮ ಪ್ರವಾಸದ ಒಂದು ಭಾಗವೇ.

ಜೀವನೋಪಾಯದ ಲೆಕ್ಕದಲ್ಲಿ ತೋಟವನ್ನು ಸೇರಿಸಬೇಡಿರಿ. ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ 2024ರ ಹಂಗಾಮಿಗೆ ಕ್ವಿಂಟಾಲಿಗೆ 12,000 ರೂಪಾಯಿ, 2025ಕ್ಕೆ 12,100 ರೂಪಾಯಿ ಬೆಂಬಲ ಬೆಲೆಯನ್ನು ಗೊತ್ತುಮಾಡಿತು. ತಿಪಟೂರಿನ ಮಾರುಕಟ್ಟೆ ಅದಕ್ಕಿಂತ ಮೇಲೆ ಏರುವುದೂ ಉಂಟು, ರೈತನು ಧರಣಿ ಕೂರುವಷ್ಟು ಕುಸಿಯುವುದೂ ಉಂಟು. ಕಪ್ಪುತಲೆ ಹುಳು, ನುಸಿ, ಕಾಂಡ ಸೋರುವ ರೋಗ, ಈಚೆಗೆ ಬಿಳಿನೊಣ. ಹೇಮಾವತಿಯ ನಾಲೆಯಲ್ಲಿ ನೀರು ಬಂದ ವರ್ಷ ಒಂದು ಬಗೆ, ಬಾರದ ವರ್ಷ ಇನ್ನೊಂದು ಬಗೆ. ಹೊರಗಿನ ಪಿಂಚಣಿಯೇ ಆಧಾರವೆಂದರೆ ಅಲ್ಲಿಯೂ ತೊಡಕಿದೆ. ಬ್ರಿಟನ್ನಿನ ಸರ್ಕಾರಿ ಪಿಂಚಣಿಯು ಭಾರತದಲ್ಲಿ ನೆಲೆಸಿದವರಿಗೆ ವರ್ಷದಿಂದ ವರ್ಷಕ್ಕೆ ಏರುವುದಿಲ್ಲ, ಬಂದ ದಿನದ ಮೊತ್ತದಲ್ಲಿಯೇ ನಿಲ್ಲುತ್ತದೆ. ಅಮೆರಿಕದ ಸೋಷಿಯಲ್ ಸೆಕ್ಯೂರಿಟಿ ಇಲ್ಲಿಗೂ ಬರುತ್ತದೆ, ಉಭಯ ದೇಶಗಳ ಒಪ್ಪಂದದಂತೆ ಅದರ ಮೇಲಿನ ತೆರಿಗೆ ಅಮೆರಿಕಕ್ಕೆ ಮಾತ್ರ ಸಲ್ಲತಕ್ಕದ್ದು. ಆದರೆ ಅಲ್ಲಿಯ ಮೆಡಿಕೇರ್ ಸಮುದ್ರವನ್ನು ದಾಟುವುದಿಲ್ಲ. ಇಲ್ಲಿ ಆರೋಗ್ಯವಿಮೆಗೆ ಅರುವತ್ತೈದರ ವಯೋಮಿತಿ 2024ರ ಏಪ್ರಿಲಿನಿಂದ ಇಲ್ಲವಾದರೂ, ಮೊದಲೇ ಇರುವ ಕಾಯಿಲೆಗಳಿಗೆ ಮೂರು ವರ್ಷದವರೆಗೆ ಕಾಯಿಸಬಹುದಾದುದರಿಂದ, ಸಕ್ಕರೆಯೋ ರಕ್ತದೊತ್ತಡವೋ ಇರುವವರು ಆ ಮೂರು ವರ್ಷದ ಖರ್ಚನ್ನು ಕೈಯಲ್ಲಿಟ್ಟುಕೊಂಡೇ ಹೊರಡಬೇಕು.

ಬೇಸರವಾದ ದಿನ ತುರುವೇಕೆರೆಗೆ ಹೋಗಿ ಗಂಗಾಧರೇಶ್ವರನ ಮುಂದಿನ ಕರಿಕಲ್ಲಿನ ನಂದಿಯ ನುಣುಪನ್ನು ನೋಡಿಬನ್ನಿರಿ. ಎಡೆಯೂರಿನ ಸಿದ್ಧಲಿಂಗೇಶ್ವರನೂ ಮಾರ್ಕೋನಹಳ್ಳಿಯ ಜಲಾಶಯವೂ ಮಧ್ಯಾಹ್ನದೊಳಗೆ ಮುಗಿಯುತ್ತವೆ. ಮೇ ತಿಂಗಳ ಮೂರನೆಯ ವಾರಕ್ಕೆ ನೋಡತಕ್ಕ ಸ್ಥಳಗಳೆಲ್ಲ ತೀರಿ, ಪುಸ್ತಕಗಳೂ ತೀರಿ, ಸಂಜೆ ಜಗಲಿಯ ಮೇಲೆ ಸುಮ್ಮನೆ ಕುಳಿತುಕೊಳ್ಳುವ ಕಾಲ ಬರುತ್ತದೆ. ಹಾದುಹೋಗುವವರು ನಿಂತು, “ಯಾವಾಗ್ ಬಂದ್ರಿ ಅಣ್ಣಾ? ಯಾವಾಗ ಹೊರಡೋದು?” ಎಂದು ಕೇಳುತ್ತಾರೆ, ಎರಡು ಪ್ರಶ್ನೆಗಳನ್ನೂ ಒಂದೇ ಉಸಿರಿನಲ್ಲಿ ಕೇಳುವುದರಲ್ಲಿ ಯಾವ ಕೆಟ್ಟ ಭಾವವೂ ಇಲ್ಲ. ಆ ಸಂಜೆಗಳನ್ನು ನಿಮ್ಮ ಪತ್ನಿ ಅಥವಾ ಪತಿ ಹೇಗೆ ಕಳೆಯುತ್ತಾರೆಂಬುದನ್ನು ಗಮನಿಸಿರಿ, ಬಾಯಿಬಿಟ್ಟು ಕೇಳಿರಿ. ಊರು ನಿಮ್ಮದು, ಅವರದು ಚಿಕ್ಕಮಗಳೂರೋ ಧಾರವಾಡವೋ ಆಗಿರಬಹುದು.

ಬಂದ ವಾರದಲ್ಲಿ ನಿಮ್ಮ ತೋಟದ ಐನೂರು ಕಾಯಿಗಳನ್ನು ಕೆಡವಿಸಿ ಅಟ್ಟಕ್ಕೆ ಹಾಕಿಸಿರಿ. ಮನೆಯ ಹೊಗೆಯಲ್ಲಿಯೂ ಬೇಸಗೆಯ ಕಾವಿನಲ್ಲಿಯೂ ಒಳಗಿನ ನೀರು ಮೆಲ್ಲಗೆ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಗಟ್ಟಿ, ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಗುಡುಗುಡು ಎನ್ನುವುದಕ್ಕೆ ಹತ್ತು ಹನ್ನೊಂದು ತಿಂಗಳು ಬೇಕು. ಆಷಾಢದಲ್ಲಿ ನೀವು ಹೊರಡುವಾಗ ಅದರೊಳಗೆ ಇನ್ನೂ ನೀರು ತುಳುಕುತ್ತಿರುತ್ತದೆ. ಬರುವ ವರ್ಷ ಅವನ್ನು ಇಳಿಸಿ ಸುಲಿಸುವವರು ನೀವೋ, ಇಲ್ಲವೇ ಅರ್ಧಪಾಲಿಗೆ ಪಕ್ಕದ ಮನೆಯವರೋ ಎಂಬುದನ್ನು ಬೀಗದ ಕೈ ಕೊಡುವ ಹೊತ್ತಿನಲ್ಲಿ ಅವರಿಗೆ ತಿಳಿಸಿ ಹೋಗಿರಿ.