ತಲಕಾಡಿನ ಮರಳಿಗೆ ಹೊತ್ತು ಹುಟ್ಟುವಾಗಲೇ ಹೋಗಿ

ಮರಳುಗಾಡು ನೋಡಲು ರಾಜಸ್ಥಾನಕ್ಕೇ ಹೋಗಬೇಕೆಂದಿಲ್ಲ. ಧನಗೆರೆ, ಕೊಳ್ಳೇಗಾಲದ ಕಡೆಯವರಿಗೆ ತಲಕಾಡು ಒಂದು ಹಗಲಿನ ದಾರಿ. ಗಂಗರು ರಾಜಧಾನಿ ಮಾಡಿಕೊಂಡಿದ್ದ ಊರು; ಈಗ ಕಾವೇರಿ ದಂಡೆಯ ಮರಳದಿಬ್ಬಗಳ ನಡುವೆ ಗುಡಿಗಳು ತಗ್ಗಿನಲ್ಲಿವೆ. ಊರು ಮರಳಾದದ್ದು ರಾಣಿ ಅಲಮೇಲಮ್ಮನ ಶಾಪವೆನ್ನುತ್ತಾರೆ ಹಿರಿಯರು. ಹೊಳೆಯ ಮರಳನ್ನು ಗಾಳಿ ಹೊತ್ತು ತಂದು ಸುರಿದದ್ದಂತೂ ಕಣ್ಣಿಗೇ ಕಾಣುತ್ತದೆ.

ಬೆಳಿಗ್ಗೆ ಬೇಗ ಹೊರಡಿ. ಬಿಸಿಲೇರಿದರೆ ಮರಳು ಅಂಗಾಲು ಸುಡುತ್ತದೆ, ವಯಸ್ಸಾದವರಿಗಂತೂ ಹೆಜ್ಜೆ ಹೂತು ಹೂತು ಸಾಕಾಗುತ್ತದೆ. ಪಾತಾಳೇಶ್ವರನನ್ನು ಕಾಣಲು ಮೆಟ್ಟಿಲಿಳಿಯುವಾಗ ಅವರ ಕೈ ಹಿಡಿದುಕೊಳ್ಳಿ. ವೈದ್ಯೇಶ್ವರನ ಗುಡಿಯ ದ್ವಾರಪಾಲಕರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಕಲ್ಲಿನ ಹಾರ, ತೋಳಬಂದಿಗಳ ನಯ ಅವಸರದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಚೋಳರನ್ನು ಗೆದ್ದ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣನನ್ನೂ ಬಿಡಬೇಡಿ. ಐದು ಶಿವಲಿಂಗಗಳನ್ನು ಕಾಣಲು ಜನ ಸೇರುವ ಪಂಚಲಿಂಗ ದರ್ಶನ 2020ರಲ್ಲಿ ನಡೆದಿತ್ತು. ಆ ಜನಜಂಗುಳಿಯಿಲ್ಲದ ದಿನವೇ ಗುಡಿ ನೋಡಲು ಚೆಂದ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹೊಳೆ ಮೇಲೆ ತೆಳ್ಳಗೆ ಕಂಡರೂ ಒಳಗೆ ಮಡುಗಳಿವೆ, ಕಾಲ ಕೆಳಗಿನ ಮರಳು ಸರಿಯುತ್ತದೆ. ಈಜು ಬರುತ್ತದೆಂದು ಇಳಿಯಬೇಡಿ, ಮಕ್ಕಳನ್ನು ಕೈಯಳತೆಯಲ್ಲೇ ಇಟ್ಟುಕೊಳ್ಳಿ. ತೆಪ್ಪ ಹತ್ತುವುದಾದರೆ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಕೊಡದಿದ್ದರೆ ದಡದಲ್ಲೇ ಕೂತು ಬುತ್ತಿ ಬಿಚ್ಚಿ.